ಮೈಲಿ ದೂರದಿಂದ ಕಂಡ ಹೂವು: ಜೋಸೆಫ್ ಹುಕರ್

ಹೊಸ ಜಾತಿಯ ಹೂವೊಂದು ಪತ್ತೆ ಆಯ್ತು ಅಂತ ಪೇಪರ್‌ನಲ್ಲಿ ಸುದ್ದಿ ಬಂದ್ರೆ ನಾವು ಏನಂದ್ಕೋತೀವಿ? ಯಾರೋ ವಿಜ್ಞಾನಿ ಬೆಟ್ಟ ಹತ್ತಿದ್ರು, ಯಾರೂ ನೋಡದ ಹೂವನ್ನ ನೋಡಿದ್ರು, ಹೆಸರಿಟ್ರು, ಮುಗೀತು. ಆದರೆ ನೋಡೋದು ಬೇರೆ, ಗುರುತಿಸೋದು ಬೇರೆ. ಈ ವ್ಯತ್ಯಾಸ ಚೆನ್ನಾಗಿ ಅರ್ಥ ಆಗಬೇಕಂದ್ರೆ ಜೋಸೆಫ್ ಡಾಲ್ಟನ್ ಹುಕರ್ ಅವರ ಬದುಕನ್ನ ಒಮ್ಮೆ ನೋಡಬೇಕು.

ಹುಕರ್ ಹುಟ್ಟಿದ್ದು 1817ರಲ್ಲಿ, ಇಂಗ್ಲೆಂಡಿನ ಹೇಲ್ಸ್‌ವರ್ತ್ ಎಂಬ ಊರಿನಲ್ಲಿ. ತಂದೆ ವಿಲಿಯಂ ಹುಕರ್ ಗ್ಲಾಸ್ಗೋದಲ್ಲಿ ಸಸ್ಯಶಾಸ್ತ್ರದ ಪ್ರೊಫೆಸರ್ ಆಗಿದ್ದರು, ಆಮೇಲೆ ಲಂಡನ್ನಿನ ಕ್ಯೂ ಸಸ್ಯೋದ್ಯಾನದ ನಿರ್ದೇಶಕರಾದರು. ಮಗ ಓದಿದ್ದು ವೈದ್ಯಕೀಯ. ಡಿಗ್ರಿ ಮುಗಿದ ವರ್ಷವೇ, ಅಂದ್ರೆ 1839ರಲ್ಲಿ, 22ನೇ ವಯಸ್ಸಿಗೆ 'ಎರೆಬಸ್' ಹಡಗಿನಲ್ಲಿ ಸಹಾಯಕ ವೈದ್ಯರಾಗಿ ಅಂಟಾರ್ಕ್ಟಿಕಾ ಕಡೆ ಹೊರಟುಬಿಟ್ಟರು. ನಾಲ್ಕು ವರ್ಷ ಸಮುದ್ರದ ಮೇಲೆ! ನಮ್ಮ ಇಂಜಿನಿಯರಿಂಗ್ ಕೋರ್ಸ್‌ನಷ್ಟೇ ಉದ್ದ.

1848ರಲ್ಲಿ ಅವರು ಭಾರತಕ್ಕೆ ಬಂದು ಡಾರ್ಜಿಲಿಂಗ್ ತಲುಪಿದರು. ಅಲ್ಲಿಂದ ಪೂರ್ವ ನೇಪಾಳ, ಮುಂದಿನ ವರ್ಷ ಸಿಕ್ಕಿಂ. ಸಾಮಾನು ಹೊರೋಕೆ, ದಾರಿ ತೋರಿಸೋಕೆ, ಗಿಡ ಕಿತ್ತು ತರೋಕೆ ಜೊತೆಯಲ್ಲಿ ಲೆಪ್ಚಾ ಮತ್ತು ಭೋಟಿಯಾ ಜನ ಇದ್ದರು. 1849ರಲ್ಲಿ ಲಾಚೆನ್ ಕಣಿವೆಯಲ್ಲಿ ಅವರಿಗೆ ಒಂದು ವಿಚಿತ್ರ ಕಾಣಿಸಿತು. ಸುಮಾರು ಒಂದು ಮೈಲಿ ಆಚೆ, 14,000 ಅಡಿ ಎತ್ತರದ ಕಪ್ಪು ಬಂಡೆಗಳ ಮೇಲೆ ಬಿಳಿ ಬಿಳಿ ಚುಕ್ಕೆಗಳು. ಅಲ್ಲಿಗೆ ಹತ್ತೋಕೆ ದಾರಿ ಇಲ್ಲ. ಅದೇನು ಅಂತ ಅವರಿಗೆ ತಿಳಿಯಲೇ ಇಲ್ಲ. ಇನ್ನೂ ಮೇಲಕ್ಕೆ ಹೋದಾಗಲೇ ಆ ಗಿಡ ಕೈಗೆ ಸಿಕ್ಕಿದ್ದು.

ಅದು ಆಳೆತ್ತರಕ್ಕೂ ಬೆಳೆಯಬಲ್ಲ ಗೋಪುರದಂಥ ಗಿಡ. ಕೆನೆ ಬಣ್ಣದ ತೆಳು ಎಲೆಗಳು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಕೂತಿರುತ್ತವೆ, ಅಸಲಿ ಹೂಗಳು ಅದರೊಳಗೆ ಅಡಗಿರುತ್ತವೆ. ನಾವು ಇಂಜಿನಿಯರಿಂಗ್ ಓದೋರಿಗೆ ಇದು ಇಷ್ಟ ಆಗಲೇಬೇಕು, ಯಾಕಂದ್ರೆ ಇದು ಪಕ್ಕಾ ಗ್ರೀನ್‌ಹೌಸ್ ಡಿಸೈನ್. ಆ ಎಲೆಗಳು ಬೆಳಕನ್ನ ಒಳಗೆ ಬಿಡುತ್ತವೆ, ನೇರಳಾತೀತ ಕಿರಣಗಳನ್ನ ತಡೆಯುತ್ತವೆ, ಒಳಗೆ ಬೆಚ್ಚಗಿಡುತ್ತವೆ, ಮಳೆಯಿಂದ ಪರಾಗವನ್ನೂ ಕಾಪಾಡುತ್ತವೆ. ಹಲವು ವರ್ಷ ನೆಲಕ್ಕಂಟಿ ಬೆಳೆಯುವ ಈ ಗಿಡ ಜೀವನದಲ್ಲಿ ಒಂದೇ ಸಲ ಹೂ ಬಿಟ್ಟು ಸತ್ತುಹೋಗುತ್ತೆ.

ಗಿಡ ಸಿಕ್ಕಿದ ತಕ್ಷಣ ಕೆಲಸ ಮುಗಿಯಲಿಲ್ಲ. ಎಷ್ಟು ಎತ್ತರದಲ್ಲಿ ಸಿಕ್ಕಿತು ಅನ್ನೋದನ್ನೂ ಬರೆದಿಡಬೇಕಿತ್ತು. ಜಿಪಿಎಸ್ ಇಲ್ಲದ ಕಾಲ. ಹುಕರ್ ಬಳಸಿದ ಒಂದು ವಿಧಾನ ನೀರು ಕುದಿಸೋದು. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆ ಆಗಿ ನೀರು ಬೇಗ ಕುದಿಯುತ್ತೆ. 14,000 ಅಡಿಯಲ್ಲಿ ಸುಮಾರು 86 ಡಿಗ್ರಿಗೇ. ಥರ್ಮಾಮೀಟರ್ ನೋಡಿ ಎತ್ತರ ಲೆಕ್ಕ ಹಾಕುತ್ತಿದ್ದರು. ಗಿಡವನ್ನ ಒತ್ತಿ, ಒಣಗಿಸಿ, ಮಳೆಗೆ ಕೊಳೆಯದ ಹಾಗೆ ಸಾಗಿಸಬೇಕಿತ್ತು. ಆಮೇಲೆ ಇಂಗ್ಲೆಂಡಿನಲ್ಲಿ ಕೂತು ಹೂವಿನ ಭಾಗಗಳನ್ನ, ಬೀಜವನ್ನ ಮೊದಲೇ ಗೊತ್ತಿದ್ದ ಸಂಬಂಧಿ ಗಿಡಗಳ ಜೊತೆ ಹೋಲಿಸಬೇಕಿತ್ತು. ಸಿಕ್ಕಿದ್ದಕ್ಕೆಲ್ಲ ಹೊಸ ಹೆಸರಿಡೋದು ಹುಕರ್‌ಗೆ ಹಿಡಿಸುತ್ತಿರಲಿಲ್ಲ. ಒಂದೇ ಜಾತಿ ಜಾಗಕ್ಕೆ ತಕ್ಕಂತೆ ರೂಪ ಬದಲಿಸುತ್ತೆ ಅನ್ನೋದನ್ನ ಅವರು ಬೆಟ್ಟದಲ್ಲೇ ನೋಡಿದ್ದರು. ಕೊನೆಗೆ 1855ರಲ್ಲಿ ಅವರೂ ಅವರ ಗೆಳೆಯ ಥಾಮಸ್ ಥಾಮ್ಸನ್ನೂ ಸೇರಿ ಈ ಗಿಡವನ್ನ 'ರಿಯಂ ನೊಬಿಲೆ' ಎಂಬ ಹೆಸರಲ್ಲಿ ಪ್ರಕಟಿಸಿದರು. ಕಂಡದ್ದರಿಂದ ಹೆಸರಿನವರೆಗೆ ಆರು ವರ್ಷ.

ಆದರೆ ಇದು ಯಾರಿಗೆ ಹೊಸದು? ಸಿಕ್ಕಿಂನ ಜನ ಈ ಗಿಡವನ್ನ 'ಚುಕಾ' ಅಂತ ಕರೀತಿದ್ದರು, ಅದರ ಹುಳಿ ದಂಟನ್ನ ತಿನ್ನುತ್ತಿದ್ದರು. ನಮ್ಮ ಕಡೆ ಅಡುಗೆಗೆ ಹಾಕೋ ಹುಳಿ ಚುಕ್ಕ ಸೊಪ್ಪು ಕೂಡ ಇದೇ ಕುಟುಂಬದ್ದು ಅನ್ನೋದು ಮಜಾ. ಈ ಮಾಹಿತಿಯನ್ನ ಬರೆದಿಟ್ಟವರೂ ಹುಕರ್ ಅವರೇ. ಆದರೂ ಲ್ಯಾಟಿನ್ ಹೆಸರಿನ ಮುಂದೆ ಉಳಿದದ್ದು ಇಬ್ಬರು ಬ್ರಿಟಿಷರ ಹೆಸರು ಮಾತ್ರ. 1855ರ ಆ ಪುಸ್ತಕದ ಬಹುಪಾಲು ಚಿತ್ರಗಳಿಗೆ ಮೂಲ, ಕ್ಯಾತ್‌ಕಾರ್ಟ್ ಎಂಬ ಅಧಿಕಾರಿಗಾಗಿ ಭಾರತೀಯ ಕಲಾವಿದರು ಬರೆದ ಚಿತ್ರಗಳು. ಮುಖಪುಟದಲ್ಲಿ ಕ್ಯಾತ್‌ಕಾರ್ಟ್ ಹೆಸರಿದೆ, ಕಲಾವಿದರದ್ದಿಲ್ಲ.

ಹೂವಿನ ಹಿಂದೆ ರಾಜಕೀಯವೂ ಇತ್ತು. 1849ರ ನವೆಂಬರ್‌ನಲ್ಲಿ ಹುಕರ್ ಮತ್ತು ಡಾರ್ಜಿಲಿಂಗ್‌ನ ಅಧಿಕಾರಿ ಕ್ಯಾಂಪ್‌ಬೆಲ್ ಅವರನ್ನ ಸಿಕ್ಕಿಂ ದಿವಾನರ ಕಡೆಯವರು ಬಂಧಿಸಿದರು. ಡಿಸೆಂಬರ್ 24ಕ್ಕೆ ಬಿಡುಗಡೆ ಆಯ್ತು. ಅದನ್ನೇ ನೆಪ ಮಾಡಿಕೊಂಡು ಬ್ರಿಟಿಷರು ಸಿಕ್ಕಿಂನ ದಕ್ಷಿಣದ ಭೂಮಿಯನ್ನ ಕಿತ್ತುಕೊಂಡರು. ಗಿಡ ಹುಡುಕೋಕೆ ಹೋದವರ ಹಿಂದೆ ಒಂದು ಸಾಮ್ರಾಜ್ಯವೇ ನಿಂತಿತ್ತು.

ಹುಕರ್ ಮುಂದೆ 1865ರಿಂದ 1885ರವರೆಗೆ ಕ್ಯೂ ನಿರ್ದೇಶಕರಾಗಿದ್ದರು. ಡಾರ್ವಿನ್ ತಮ್ಮ ಜೀವವಿಕಾಸದ ಯೋಚನೆಯನ್ನ ಮೊದಮೊದಲು ಹೇಳಿಕೊಂಡವರಲ್ಲಿ ಇವರೂ ಒಬ್ಬರು. 1872ರಿಂದ 1897ರವರೆಗೆ ಏಳು ಸಂಪುಟಗಳಲ್ಲಿ ಬ್ರಿಟಿಷ್ ಇಂಡಿಯಾದ ಸಸ್ಯಗಳ ದಾಖಲೆ ಹೊರತಂದರು. ನಮ್ಮ ಸಹ್ಯಾದ್ರಿಯ ಗಿಡಗಳೂ ಅದರಲ್ಲಿವೆ. 1911ರಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಂಡರು.

ಗಿಡಗಳ ವೈಜ್ಞಾನಿಕ ಹೆಸರಿನ ಮುಂದೆ ಕೆಲವು ಸಲ 'ಹುಕ್. ಎಫ್.' ಅಂತ ಇರುತ್ತೆ. ಎಫ್ ಅಂದ್ರೆ ಲ್ಯಾಟಿನ್‌ನಲ್ಲಿ ಮಗ. ಅಂದ್ರೆ ಅಪ್ಪ ಹುಕರ್ ಅಲ್ಲ, ಮಗ ಹುಕರ್. ಸ್ನೇಹಿತರೇ, ಮುಂದೆ ಎಲ್ಲಾದರೂ ಟ್ರೆಕ್ಕಿಂಗ್ ಹೋದಾಗ ಗೊತ್ತಿಲ್ಲದ ಹೂವು ಕಂಡರೆ ಫೋಟೋ ತೆಗೆಯೋಣ, ಸರಿ. ಅದರ ಜೊತೆ ಆ ಊರಿನವರನ್ನೂ ಕೇಳೋಣ, ಇದಕ್ಕೆ ನೀವೇನಂತೀರಿ ಅಂತ. ಆ ಹೆಸರನ್ನೂ ಬರೆದಿಟ್ಟುಕೊಳ್ಳೋಣ.