ಕುಳಕುಂದದ ನಿರಂಜನರು

ಸುಬ್ರಹ್ಮಣ್ಯ ಕ್ಷೇತ್ರಕ್ಕೆ ಸಮೀಪದ ಕುಳಕುಂದವು ಬಹುಜನರಿಗೆ ದನಗಳ ಜಾತ್ರೆಯ ಊರೆಂದೇ ಪರಿಚಿತವಾದುದು. ಕನ್ನಡ ಕಾದಂಬರಿಯ ಓದುಗರಿಗಾದರೋ ಅದು ನಿರಂಜನರ ಜನ್ಮಸ್ಥಳ. 1924ರಲ್ಲಿ ಅಲ್ಲಿ ಹುಟ್ಟಿದ ಶಿವರಾಯರು ಮುಂದೆ ಈ ಕಾವ್ಯನಾಮದಿಂದಲೇ ಪ್ರಸಿದ್ಧರಾದರು.

ಸುಳ್ಯದಲ್ಲಿ ಓದಿ, ಅನಂತರ ಅವರು ನೀಲೇಶ್ವರದ ಪ್ರೌಢಶಾಲೆಯನ್ನು ಸೇರಿದರು. ಅದರ ನೆರೆಯ ಕಯ್ಯೂರಿನಲ್ಲಿ 1941ರ ಮಾರ್ಚಿಯಲ್ಲಿ ರೈತರ ಮೆರವಣಿಗೆಗೆ ಸಿಕ್ಕಿದ ಪೊಲೀಸನೊಬ್ಬನು ಹೊಳೆಯಲ್ಲಿ ಮುಳುಗಿ ಸತ್ತನು. ಆ ಮೊಕದ್ದಮೆಯಲ್ಲಿ ನಾಲ್ವರು ತರುಣರನ್ನು 1943ರ ಮಾರ್ಚಿ 29ರಂದು ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. 1955ರ 'ಚಿರಸ್ಮರಣೆ' ಇವರ ಕಥೆ. ಆ ರೈತರು ಆಡಿದ್ದು ಮಲೆಯಾಳ. ಕಾದಂಬರಿಯ ಭಾಷೆ ಕನ್ನಡ. ಸಭೆಗಳ ಸನ್ನಿವೇಶದಲ್ಲಿ ಸಂಭಾಷಣೆಯು ಭಾಷಣವನ್ನು ಸಮೀಪಿಸುವುದುಂಟು. ಮನೆಯೊಳಗಣ ಮಾತಿನಲ್ಲಿ ಮಾತ್ರ ಭಾಷಾಂತರದ ಬಿಗಿತವು ತೋರದು. ಈ ಗ್ರಂಥವು ಮಲೆಯಾಳಕ್ಕೂ ಅನುವಾದಗೊಂಡಿತು. ಮಾತು ತನ್ನ ಮನೆಗೆ ಮರಳಿದಂತಾಯಿತೆನ್ನಬಹುದು.

ಇದಕ್ಕಿಂತ ಕಠಿಣವಾದ ಪರೀಕ್ಷೆ 'ಕಲ್ಯಾಣಸ್ವಾಮಿ'ಯದು. 1834ರಲ್ಲಿ ಕೊಡಗಿನ ಅರಸುತನವನ್ನು ಕಳೆದ ಕಂಪನಿ ಸರಕಾರವು ಸುಳ್ಯ-ಪುತ್ತೂರು ಸೀಮೆಯನ್ನು ಕೊಡಗಿನಿಂದ ಬೇರ್ಪಡಿಸಿ ಕನ್ನಡ ಜಿಲ್ಲೆಗೆ ಸೇರಿಸಿತು. ಧಾನ್ಯರೂಪದ ಕಂದಾಯವನ್ನು ನಗದಾಗಿ ಕೇಳತೊಡಗಿತು. 1837ರಲ್ಲಿ ದಂಗೆಯೆದ್ದ ರೈತರು ಸುಳ್ಯದಿಂದ ಹೊರಟು ಮಂಗಳೂರನ್ನೇ ವಶಪಡಿಸಿಕೊಂಡು ಕೆಲದಿನ ಆಳಿದರು. ಅವರ ಮುಂದಾಳು ಜಂಗಮ ಕಲ್ಯಾಣಸ್ವಾಮಿಯೆಂಬ ಹೆಸರಿನಿಂದ ಜನರ ನಂಬುಗೆಯನ್ನು ಗಳಿಸಿದ್ದನು. ದಂಗೆ ಅಡಗಿದ ಬಳಿಕ ಬರಹದಲ್ಲಿ ಉಳಿದದ್ದು ಬಹುಮಟ್ಟಿಗೆ ಗೆದ್ದವರ ಕಡತ. ನೇಣಿಗೇರಿದವರ ಮಾತನ್ನು ಬರೆದಿಟ್ಟವರು ವಿರಳ. ಹಾಗಾದರೆ ಕಾದಂಬರಿಕಾರನು ಅವರ ಬಾಯಲ್ಲಿ ಏನನ್ನು ಆಡಿಸಬೇಕು? ನಾಟಕ ಕಂಪನಿಗಳ ರಾಜಠೀವಿಯ ನುಡಿ ಕೈಗೆಟಕುವಂತಿತ್ತು; ಆದರೆ ಗದ್ದೆಯ ಕೆಸರಿನಿಂದ ಎದ್ದು ಬಂದವರಿಗೆ ಅದು ಎರವಲು ಪೋಷಾಕು. ನಿರಂಜನರು ಅರೆಭಾಷೆ, ತುಳು, ಕನ್ನಡಗಳು ಒಂದೇ ಸಂತೆಯಲ್ಲಿ ಕೇಳಿಬರುವ ಆ ಸೀಮೆಯಲ್ಲಿಯೇ ಬೆಳೆದವರು. ಕಡತದಲ್ಲಿಲ್ಲದ ದನಿಯನ್ನು ಊಹಿಸಲು ಇದಕ್ಕಿಂತ ಹಿರಿದಾದ ಬಂಡವಾಳ ಬೇರಿಲ್ಲ. ಕೊಡಗಿನ ಬಂಡಾಯಗಾರ ಜಂಗಮನನ್ನು ಕುರಿತು 'ಸ್ವಾಮಿ ಅಪರಂಪಾರ'ವನ್ನೂ ಅವರು ರಚಿಸಿದರು.

ತರುವಾಯ ಪಾರ್ಶ್ವವಾಯು ಅವರನ್ನು ಕೆಡವಿತು. ಆ ಸ್ಥಿತಿಯಲ್ಲಿಯೇ ಅವರು ಕೈಗೊಂಡದ್ದು ಪ್ರಾಚೀನ ಈಜಿಪ್ಟಿನ ಜನತೆಯ ಬಂಡಾಯದ 'ಮೃತ್ಯುಂಜಯ'ವನ್ನು. ಅದು 1976ರಲ್ಲಿ ಹೊರಬಂದಿತು. ಈಜಿಪ್ಟಿನ ಚಿತ್ರಲಿಪಿಯು ಸ್ವರಗಳನ್ನು ಬರೆಯುವುದಿಲ್ಲ. ಅಲ್ಲಿಯ ರೈತನು ಹೆಂಡತಿಯನ್ನು ಹೇಗೆ ಕರೆದನೆಂಬುದನ್ನು ಪಂಡಿತರೂ ಉಚ್ಚರಿಸಿ ತೋರಿಸಲಾರರು. ಅಷ್ಟು ದೂರದ ಜನರನ್ನು ನಿರಂಜನರು ಕನ್ನಡದ ದಂಪತಿಗಳಂತೆ, ನೆರೆಹೊರೆಯವರಂತೆ ಮಾತನಾಡಿಸಿದರು.

ಮುಂದೆ ಲೋಕದ ಕಥೆಗಳನ್ನು ಕನ್ನಡಕ್ಕೆ ತಂದ 25 ಸಂಪುಟಗಳ 'ವಿಶ್ವಕಥಾಕೋಶ'ಕ್ಕೂ ಅವರೇ ಸಂಪಾದಕರಾದರು. ಪತ್ನಿ, ಲೇಖಕಿ ಡಾ. ಅನುಪಮಾ ನಿರಂಜನರು 1991ರಲ್ಲಿ ಅಗಲಿದರು. ಮರುವರ್ಷವೇ ಅವರೂ ನಿಧನರಾದರು.