ಗಾಳಿ ಅಳೆದ ವಿಜ್ಞಾನಿ ಅನ್ನಾ ಮಣಿ

ಮಕ್ಕಳೇ, ಏಪ್ರಿಲ್-ಮೇ ತಿಂಗಳಲ್ಲಿ ರಾಯಚೂರು, ದೇವದುರ್ಗ, ಮಾನ್ವಿ ಕಡೆ ಹಗಲೆಲ್ಲ ಸುಡುಬಿಸಿಲು. ಕೆಲವು ದಿನ ಸಂಜೆ ಇದ್ದಕ್ಕಿದ್ದಂತೆ ಬಿರುಗಾಳಿ ಎದ್ದು ಸಿಡಿಲು ಬಡಿಯುತ್ತದೆ. ಮುನ್ಸೂಚನೆ ಮೊದಲೇ ತಲುಪಿದರೆ ಹೊಲದಲ್ಲಿರುವವರು, ಕುರಿ ಕಾಯುವವರು ಮರದಡಿ ನಿಲ್ಲದೆ ಮನೆ ಸೇರಬಹುದು. ಆದರೆ ಗಾಳಿಯ ವೇಗ, ಒತ್ತಡ, ತೇವಾಂಶಗಳನ್ನು ಒಂದೊಂದು ಊರಿನ ಮಾಪಕ ಒಂದೊಂದು ಬಗೆಯಾಗಿ ತೋರಿಸಿದರೆ ಮುನ್ಸೂಚನೆಯೂ ತಪ್ಪುತ್ತದೆ. ನಮ್ಮ ದೇಶದಲ್ಲಿ ಈ ಅಳತೆಗಳು ಸರಿಯಾಗಿರುವಂತೆ ದುಡಿದವರು ಅನ್ನಾ ಮಣಿ.

ಅವರು ಹುಟ್ಟಿದ್ದು 1918ರ ಆಗಸ್ಟ್ 23ರಂದು, ಇಂದಿನ ಕೇರಳದ ಪೀರುಮೇಡಿನಲ್ಲಿ. ಎಂಟನೇ ಹುಟ್ಟುಹಬ್ಬಕ್ಕೆ ಮನೆಯವರು ವಜ್ರದ ಓಲೆ ಕೊಡಲು ಬಂದಾಗ, ಅದು ಬೇಡವೆಂದು ವಿಶ್ವಕೋಶ ಕೇಳಿ ಪಡೆದರು! 1940ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, ಸರ್ ಸಿ.ವಿ. ರಾಮನ್ ಅವರ ಬಳಿ ಸಂಶೋಧನೆಗೆ ತೊಡಗಿದರು. ವಿಷಯ ಯಾವುದು ಗೊತ್ತೇ? ವಜ್ರ ಮತ್ತು ಮಾಣಿಕ್ಯ. ಐದು ಸಂಶೋಧನಾ ಲೇಖನ ಪ್ರಕಟವಾದರೂ, ಎಂ.ಎಸ್ಸಿ. ಪದವಿ ಇಲ್ಲವೆಂದು ಮದ್ರಾಸು ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ಕೊಡಲಿಲ್ಲ. ಇದು ಅನ್ಯಾಯವೆಂದೇ ಹೇಳಬೇಕು.

1945ರಲ್ಲಿ ಇಂಗ್ಲೆಂಡಿಗೆ ಹೋಗಿ ಹವಾಮಾನ ಉಪಕರಣಗಳ ಬಗ್ಗೆ ಕಲಿತು, 1948ರಲ್ಲಿ ಪುಣೆಯಲ್ಲಿ ಭಾರತೀಯ ಹವಾಮಾನ ಇಲಾಖೆಗೆ ಸೇರಿದರು. ಆಗ ಸರಳ ಮಾಪಕಗಳೂ ಹೊರದೇಶದಿಂದಲೇ ಬರುತ್ತಿದ್ದವು. ಅನ್ನಾ ಮಣಿ ಸುಮಾರು 100 ಉಪಕರಣಗಳ ನಕ್ಷೆಗಳನ್ನು ಸಿದ್ಧಪಡಿಸಿ, ಅವು ಇಲ್ಲಿಯೇ ತಯಾರಾಗುವಂತೆ ಮಾಡಿದರು. ಅಳತೆಯಲ್ಲಿ ತಪ್ಪಾದರೆ ಅವರು ಸಹಿಸುತ್ತಿರಲಿಲ್ಲ.

ಇಲಾಖೆಯ ಉಪ ಮಹಾನಿರ್ದೇಶಕಿಯಾಗಿ 1976ರಲ್ಲಿ ನಿವೃತ್ತರಾದರು. ಆಮೇಲೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದರು. ದೇಶದ ನೂರಾರು ಸ್ಥಳಗಳಲ್ಲಿ ಗಾಳಿಯ ವೇಗ ಅಳೆಯುವ ಕೆಲಸ ನಡೆಸಿದರು. 2001ರ ಆಗಸ್ಟ್ 16ರಂದು ತಿರುವನಂತಪುರದಲ್ಲಿ ತೀರಿಕೊಂಡರು.