ಶಬ್ದದ ಒರೆಗಲ್ಲು: ಕೇಶಿರಾಜನ ಜೀವನ ಮತ್ತು ಸೂತ್ರದೃಷ್ಟಿ

ಕನ್ನಡ ವ್ಯಾಕರಣ ಪರಂಪರೆಯಲ್ಲಿ ಅಗ್ರಮಾನ್ಯನಾದ ಕೇಶಿರಾಜನ ಬದುಕಿನ ಬಗ್ಗೆ ದೊರೆಯುವ ವಿವರಗಳು ಅತ್ಯಲ್ಪ. ಅವುಗಳಲ್ಲಿ ಮುಖ್ಯವಾದವನ್ನು ಅವನೇ ಶಬ್ದಮಣಿದರ್ಪಣದಲ್ಲಿ ಹೇಳಿಕೊಂಡಿದ್ದಾನೆ. ಸೂಕ್ತಿಸುಧಾರ್ಣವವನ್ನು ಸಂಕಲಿಸಿದ ಮಲ್ಲಿಕಾರ್ಜುನ ಅವನ ತಂದೆ; ಕವಿ ಸುಮನೋಬಾಣ ತಾಯಿಯ ತಂದೆ; ಯಶೋಧರಚರಿತೆ (1209) ಮತ್ತು ಅನಂತನಾಥಪುರಾಣಗಳ (1230) ಕರ್ತೃ ಜನ್ನ ಸೋದರಮಾವ. ಹೊಯ್ಸಳರ ಆಶ್ರಯದಲ್ಲಿ ಬೆಳೆದ ಈ ವಿದ್ವತ್ಕುಟುಂಬದ ಕುಡಿಯಾದ ಕೇಶಿರಾಜನ ಕಾಲವನ್ನು ವಿದ್ವಾಂಸರು ಸು. 1260 ಎಂದು ಗುರುತಿಸಿದ್ದಾರೆ.

ಚೋಳಪಾಲಕಚರಿತ, ಸುಭದ್ರಾಹರಣ, ಪ್ರಬೋಧಚಂದ್ರ, ಕಿರಾತ ಎಂಬ ಕೃತಿಗಳನ್ನೂ ತಾನು ರಚಿಸಿದ್ದಾಗಿ ಅವನು ತಿಳಿಸುತ್ತಾನೆ. ಇವುಗಳಲ್ಲಿ ಒಂದೂ ಉಪಲಬ್ಧವಿಲ್ಲ. ಕಾವ್ಯಗಳು ಅಳಿದು ಲಕ್ಷಣಗ್ರಂಥವೊಂದೇ ಉಳಿದುದರಿಂದ ಕವಿ ಕೇಶಿರಾಜ ಮರೆಯಾಗಿ ವೈಯಾಕರಣ ಕೇಶಿರಾಜ ಮಾತ್ರ ನಮಗೆ ಪರಿಚಿತನಾಗಿದ್ದಾನೆ. ಆದರೂ ಮನೆತನದ ಕಾವ್ಯಸಂಸ್ಕಾರ ಅವನ ವ್ಯಾಕರಣದಲ್ಲಿ ಎದ್ದು ಕಾಣುತ್ತದೆ. ತಂದೆ ಪೂರ್ವಕವಿಗಳ ಪದ್ಯಗಳನ್ನು ವರ್ಣನೆಗಳಿಗೆ ಅನುಗುಣವಾಗಿ ವಿಂಗಡಿಸಿದರೆ, ಮಗ ಅಂಥ ಕವಿಗಳ ಪ್ರಯೋಗಗಳನ್ನೇ ಪದರೂಪಗಳಿಗೆ ಅನುಗುಣವಾಗಿ ಪರಿಶೀಲಿಸಿದನು. ಕಂದಪದ್ಯದಲ್ಲಿ ಸೂತ್ರ, ಗದ್ಯದಲ್ಲಿ ವೃತ್ತಿ, ಬಳಿಕ ಪ್ರಯೋಗ ಎಂಬ ಕ್ರಮ ಗ್ರಂಥದುದ್ದಕ್ಕೂ ಸಾಗುತ್ತದೆ.

ಕೇಶಿರಾಜನ ಮೊದಲ ಪರೀಕ್ಷೆ ಅಕ್ಷರದ್ದು. 57 ಅಕ್ಷರಗಳ ಸಮುದಾಯದಿಂದ ಋಕಾರಾದಿ ನಾಲ್ಕು ಸ್ವರ, ವಿಸರ್ಗ, ಜಿಹ್ವಾಮೂಲೀಯ, ಉಪಧ್ಮಾನೀಯ, ಶ, ಷ ಮತ್ತು ಕ್ಷಳ ಎಂಬ ಹತ್ತನ್ನು ಕಳೆದು, 47 ಶುದ್ಧಗೆಗಳನ್ನು ಕನ್ನಡಕ್ಕೆ ನಿಗದಿಗೊಳಿಸಿದನು. ಎರಡನೆಯದು ಸಂಯೋಗದ ಪರೀಕ್ಷೆ. ಮಳೆಗಾಲ, ಬೆಟ್ಟದಾವರೆಗಳಂಥ ರೂಪಗಳಲ್ಲಿ ಉತ್ತರಪದದ ಮೊದಲ ಕ, ತ, ಪಗಳು ಗ, ದ, ಬಗಳಾಗುವ ಆದೇಶವನ್ನು ಸೂತ್ರೀಕರಿಸಿದ ಅವನು, ಅದು ಸಲ್ಲದ ಸ್ಥಳಗಳನ್ನೂ ಗುರುತಿಸಿದನು. ಸಂಸ್ಕೃತ ಮತ್ತು ಕನ್ನಡ ಪದಗಳು ಬೆರೆತ ಸಮಾಸವನ್ನು ಅರಿಸಮಾಸವೆಂದು ನಿಷೇಧಿಸಿದರೂ ಬಿರುದಾವಳಿಗಳಿಗೂ ಪೂರ್ವಕವಿಗಳ ಪ್ರಯೋಗಕ್ಕೂ ವಿನಾಯಿತಿ ನೀಡಿದನು.

ಮೂರನೆಯದು ಅತ್ಯಂತ ಕಠಿಣವಾದುದು. ಅವನ ಕಾಲಕ್ಕೆ ಆಡುಮಾತಿನಲ್ಲಿ ೞಕಾರ ಸವೆದು ಳಕಾರ, ರಕಾರಗಳಲ್ಲಿ ಬೆರೆಯುತ್ತಿತ್ತು. ಜೀವಿಸು ಎಂಬರ್ಥದ ಬಾೞ್, ಖಡ್ಗ ಎಂಬರ್ಥದ ಬಾಳ್ ಇವೆರಡರ ಭೇದವನ್ನು ಯಾವ ಸಾಮಾನ್ಯ ಸೂತ್ರವೂ ತಿಳಿಸಲಾರದು. ಆದ್ದರಿಂದಲೇ ಕೇಶಿರಾಜ ಇಲ್ಲಿ ಸೂತ್ರವನ್ನು ಮಾತ್ರ ನೆಚ್ಚದೆ ಪದಗಳ ಪಟ್ಟಿಯನ್ನೇ ಕೊಟ್ಟನು. ಸೂತ್ರದ ಮಿತಿಯನ್ನು ಸೂತ್ರಕಾರನೇ ಅರಿತಿದ್ದುದಕ್ಕೆ ಇದು ಪ್ರಬಲ ನಿದರ್ಶನ.

ಹೀಗಿದ್ದೂ ಅವನ ಒರೆಗಲ್ಲು ಪಕ್ಷಪಾತರಹಿತವಾಗಿರಲಿಲ್ಲ. ಶ್ರೀವಿಜಯ, ಅಸಗ, ಗುಣವರ್ಮ, ಪೊನ್ನ, ಪಂಪ ಮುಂತಾದವರ ಮಾರ್ಗವೇ ಅವನಿಗೆ ಪ್ರಮಾಣ. ಒಂದು ಶತಮಾನದ ಹಿಂದೆಯೇ ಶರಣರ ವಚನಗಳಲ್ಲಿ ನೆಲೆಗೊಂಡಿದ್ದ ಜೀವಂತ ಕನ್ನಡಕ್ಕೆ ಆ ಪ್ರಮಾಣಪಂಕ್ತಿಯಲ್ಲಿ ಸ್ಥಾನ ದೊರೆಯಲಿಲ್ಲ. ಕವಿರಾಜಮಾರ್ಗ ಕನ್ನಡದ ತಿರುಳ ನಾಡೆಂದು ಹೆಸರಿಸಿದ ನಾಲ್ಕು ಊರುಗಳಲ್ಲಿ ಒಕ್ಕುಂದವೂ ಒಂದು. ಅದು ಇಂದಿನ ಬೈಲಹೊಂಗಲ ತಾಲ್ಲೂಕಿನಲ್ಲಿದೆ. ನೆರೆಯ ಸವದತ್ತಿ ತಾಲ್ಲೂಕಿನಲ್ಲಿ ಸಿರಸಂಗಿಯಿದೆ. ಆ ಸೀಮೆಯಲ್ಲಿ ಇಂದು ಸಹಜವಾಗಿ ಕೇಳಿಬರುವ ಐತಿ, ಬಂದಾನ ಎಂಬ ಕ್ರಿಯಾರೂಪಗಳು ಶಬ್ದಮಣಿದರ್ಪಣದ ಪರೀಕ್ಷೆಯಲ್ಲಿ ತೇರ್ಗಡೆಯಾಗಲಾರವು. ತಿರುಳ್ಗನ್ನಡದ ನೆಲದ ಮಾತನ್ನೇ ಹೊರಗಿರಿಸಬಲ್ಲ ನಿಯಮ ಭಾಷೆಯ ಒಂದು ಕಾಲಘಟ್ಟವನ್ನು ಮಾತ್ರ ಕಾಯುತ್ತದೆ.

ಈ ಪ್ರಶ್ನೆ ಗಣಕಯುಗದಲ್ಲಿ ಮತ್ತೆ ಎದುರಾಗಿದೆ. 1950ರ ದಶಕದಲ್ಲಿ ತರ್ಕಶಾಸ್ತ್ರಜ್ಞ ಸ್ಟೀಫನ್ ಕ್ಲೀನಿ ರೂಪಿಸಿದ, 1968ರಲ್ಲಿ ಕೆನ್ ಥಾಮ್ಸನ್ ಪಠ್ಯಶೋಧನೆಗೆ ಅಳವಡಿಸಿದ ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂಬ ವಿನ್ಯಾಸಸೂತ್ರಗಳು ಇಂದು ಊಡಿಸಿದ ಪಠ್ಯದ ಸಾಧುತ್ವವನ್ನು ಪರೀಕ್ಷಿಸುತ್ತವೆ. ಅನುಮತಿಸಿದ ಅಕ್ಷರಗಳ ಗಣ, ಅವುಗಳ ಅನುಕ್ರಮ, ಅಪವಾದ ಎಂಬ ಅಂಗಗಳಲ್ಲಿ ಇವು ವ್ಯಾಕರಣಸೂತ್ರಗಳಿಗೆ ಸಮೀಪವಾಗಿವೆ. ಆದರೆ ಯೂನಿಕೋಡ್‌ನಲ್ಲಿ ಕನ್ನಡದ ಸ್ವರಚಿಹ್ನೆಗಳು ಹಕಾರದ ಆಚೆಗಿವೆ. ಅಕಾರದಿಂದ ಹಕಾರದವರೆಗಿನ ಅಕ್ಷರಗಳನ್ನಷ್ಟೇ ಒಪ್ಪುವ ವಿನ್ಯಾಸವು ಕೇಶಿರಾಜ ಎಂಬ ಹೆಸರನ್ನೇ ಅಸಾಧುವೆಂದು ತಿರಸ್ಕರಿಸುತ್ತದೆ. ಸ್ವರಚಿಹ್ನೆಗಳನ್ನೂ ವಿರಾಮಚಿಹ್ನೆಯನ್ನೂ ಸೇರಿಸಿದರೆ ಆ ಹೆಸರು ಒಳಬರುತ್ತದೆ. ಬಾೞ್ ಆಗಲೂ ಹೊರಗುಳಿಯುತ್ತದೆ, ಏಕೆಂದರೆ ೞಕಾರದ ಸ್ಥಾನ ಅವೆಲ್ಲಕ್ಕೂ ಆಚೆಗಿದೆ. ಆ ಅಕ್ಷರದ ಇಂಗ್ಲಿಷ್ ಹೆಸರು ಯೂನಿಕೋಡ್‌ನಲ್ಲಿ ಫ ಎಂದು ತಪ್ಪಾಗಿ ದಾಖಲಾಗಿ, ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದ ಹಾಗೆಯೇ ಉಳಿದಿದೆ. ಸರಿಯಾದ ಹೆಸರನ್ನು ಪರ್ಯಾಯವಾಗಿ ಮಾತ್ರ ಸೇರಿಸಲಾಗಿದೆ.

ಕಿಟೆಲ್ 1872ರಲ್ಲಿ ಮಂಗಳೂರಿನಿಂದ ಶಬ್ದಮಣಿದರ್ಪಣವನ್ನು ಪ್ರಕಟಿಸಿದ ಬಳಿಕ ಕೇಶಿರಾಜ ಆಧುನಿಕ ವಿದ್ವತ್ತಿಗೆ ನಿಲುಕಿದನು. ಅವನನ್ನು ನಿಯಮನಿಷ್ಠನೆಂದು ಮಾತ್ರ ಓದುವುದು ಅಪೂರ್ಣವಾದೀತು. ಸೂತ್ರ ಪದದ ಆಕಾರವನ್ನಷ್ಟೇ ಪರೀಕ್ಷಿಸಬಲ್ಲದೆಂದು ತಿಳಿದೇ ಅವನು ಅದರ ಪಕ್ಕದಲ್ಲಿ ಪದಪಟ್ಟಿಯನ್ನೂ ಅಪವಾದವನ್ನೂ ಪ್ರಯೋಗವನ್ನೂ ಇರಿಸಿದನು. ಯಾರ ಪ್ರಯೋಗ ಪ್ರಮಾಣವೆಂಬುದನ್ನು ನಿರ್ಧರಿಸುವಲ್ಲಿ ಅವನಿಗಿದ್ದ ಮಿತಿಯನ್ನು ಮೀರುವ ಹೊಣೆ ಇಂದು ಗಣಕಕ್ಕೆ ಕನ್ನಡದ ನಿಯಮಗಳನ್ನು ಬರೆಯುವವರ ಮೇಲಿದೆ.